ನಂಬರ್ ಪ್ಲೇಟ್ ತಂದರೆ ಸಾಕು

ಜಗಳೂರಿನಿಂದ ದಾವಣಗೆರೆ ಕಡೆ ಹೊರಟರೆ ಪೆಟ್ರೋಲ್ ಬಂಕಿನ ಪಕ್ಕ ಒಂದು ತಗಡಿನ ಗೂಡಂಗಡಿ ಸಿಗುತ್ತದೆ. ಒಳಗೆ ಒಂದು ಕಂಪ್ಯೂಟರ್, ಒಂದು ಕ್ಯಾಮೆರಾ, ವಾಹನದ ಹೊಗೆ ಅಳೆಯುವ ಯಂತ್ರ, ಮತ್ತು ನಾನು. ಹೆಸರು ಕೆಂಚೇಶ. ಹನ್ನೊಂದು ವರ್ಷದಿಂದ ಇದೇ ಕಸುಬು. ಸೈಲೆನ್ಸರಿನ ಬಾಯಿಗೆ ಕೊಳವೆ ತೂರಿಸಬೇಕು, ಪರದೆ ಮೇಲೆ ಬರುವ ಅಂಕಿ ನೋಡಬೇಕು, ನಂಬರ್ ಪ್ಲೇಟಿನ ಫೋಟೊ ಹೊಡೆದು ಸರ್ಟಿಫಿಕೇಟ್ ಕೊಡಬೇಕು. ಇದು ಮಾಡಬೇಕಾದ ರೀತಿ. ನಾನು ಮಾಡುತ್ತಿದ್ದ ರೀತಿ ಬೇರೆ.

ನಮ್ಮ ಕಡೆ ಹಳೇ ಗಾಡಿಗಳೇ ಜಾಸ್ತಿ. ಎಮಿಷನ್ ಟೆಸ್ಟಿಗೆ ಅಂತ ಅವನ್ನು ಅಷ್ಟು ದೂರ ಓಡಿಸಿಕೊಂಡು ಬರುವ ಪುರುಸೊತ್ತು ಯಾರಿಗೂ ಇಲ್ಲ, ಬಂದರೂ ಅವು ಪಾಸಾಗುವುದಿಲ್ಲ. ಹಾಗಾಗಿ ಜನ ಎರಡು ಸ್ಕ್ರೂ ಬಿಚ್ಚಿ, ಬರೀ ನಂಬರ್ ಪ್ಲೇಟನ್ನು ಚೀಲಕ್ಕೆ ಹಾಕಿಕೊಂಡು ಬಸ್ಸಿನಲ್ಲಿ ಬರುತ್ತಿದ್ದರು. ನಾನು ಅದನ್ನು ಬಂಕಿಗೆ ಬಂದ ಯಾವುದೋ ಹೊಸ ಕಾರಿಗೆ ತಂತಿಯಲ್ಲಿ ನೇತುಹಾಕಿ ಫೋಟೊ ಹೊಡೆಯುತ್ತಿದ್ದೆ, ಕೊಳವೆಯನ್ನೂ ಆ ಕಾರಿಗೇ ತೂರಿಸುತ್ತಿದ್ದೆ. ಯಂತ್ರ ಸುಳ್ಳು ಹೇಳುವುದಿಲ್ಲ, ಅದರ ಕೈಲಿ ಹೇಳಿಸುವವನು ನಾನು. ಬೇಲಿಯೇ ಎದ್ದು ಹೊಲ ಮೇಯುವುದು ಅಂತಾರಲ್ಲ, ಅದು. ಆಗ ಯಾರಾದರೂ ಈ ಮಾತು ಅಂದಿದ್ದರೆ ನಕ್ಕು, ಒಂದು ಟೀ ಕುಡಿಸಿ ಕಳಿಸುತ್ತಿದ್ದೆ.

ನಮ್ಮಣ್ಣ ಜಂಪಣ್ಣನ ಹತ್ತಿರ ಇಪ್ಪತ್ತು ವರ್ಷ ದಾಟಿದ ಪೆಟ್ರೋಲ್ ವ್ಯಾನ್ ಒಂದಿದೆ. ಈರುಳ್ಳಿ ಕೀಳುವ ಕಾಲದಲ್ಲಿ ದಿನಾ ಬೆಳಿಗ್ಗೆ ನಮ್ಮೂರು ಸೊಕ್ಕೆಯಿಂದ ಹತ್ತು ಹೆಂಗಸರನ್ನು ತುಂಬಿಕೊಂಡು ಬಿಳಿಚೋಡು ಕಡೆಯ ಹೊಲಗಳಿಗೆ ಬಿಡುತ್ತಾನೆ. ಸಂಜೆ ವಾಪಸ್ ಕರೆತರುತ್ತಾನೆ. ಒಂದು ಗಂಟೆಗೂ ಮೇಲಿನ ದಾರಿ. ಆ ಗುಂಪು ಕಟ್ಟಿದವಳು ನಮ್ಮಕ್ಕ ಭೀಮಕ್ಕ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು, ಯಾರ ಮುಂದೆಯೂ ಕೈಯೊಡ್ಡದೆ ಬದುಕಿದವಳು. ಅವಳು ಬೆಳಗಿನ ಜಾವ ಬಾಗಿಲು ತಟ್ಟಿದರೆ ಊರಿನ ಹೆಂಗಸರು ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದರು.

ವ್ಯಾನಿನ ಹಿಂದಿನ ಸೀಟು ಕಿತ್ತು ಅಲ್ಲಿ ಗೋಣಿಚೀಲ ಹಾಸಿದ್ದರು. ಯಾರಿಗಾದರೂ ಮೈ ಸರಿಯಿಲ್ಲದಿದ್ದರೆ, ಹೊಟ್ಟೆನೋವಿದ್ದರೆ, ಬಸುರಿಯಾಗಿದ್ದರೆ, ಉಳಿದವರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಅವಳನ್ನು ಅಲ್ಲಿ ಮಲಗಲು ಬಿಡುತ್ತಿದ್ದರು. ಅದಕ್ಕೆ ಮಲಗೋ ಜಾಗ ಎಂದೇ ಹೆಸರು. ಆ ಪದ್ಧತಿ ಮಾಡಿದವಳೂ ಭೀಮಕ್ಕನೇ.

ಹೋದ ಸೆಪ್ಟೆಂಬರಿನಲ್ಲಿ ವ್ಯಾನಿನ ಸರ್ಟಿಫಿಕೇಟ್ ಮುಗಿದಿತ್ತು. ಅಣ್ಣ ಗಾಡಿಯನ್ನೇ ತಂದು ನನ್ನ ಅಂಗಡಿ ಮುಂದೆ ನಿಲ್ಲಿಸಿದ. ತೊಳೆದು, ಹೂವಿನ ಹಾರ ಬೇರೆ ಹಾಕಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು.

"ಏನೋ, ನಮ್ಮನೆ ಗಾಡಿಗೂ ಪೈಪ್ ತೂರಿಸ್ತೀಯಾ? ಫೋಟೊ ಹೊಡ್ದು ಕೊಡೋ."

"ಬಂದೈತಲ್ಲ, ಒಂದ್ಸಲ ನೋಡಾನ ಇರು" ಎಂದೆ.

ಅಂಥ ಹಳೇ ಗಾಡಿಯ ಅಂಕಿ ಮೂರು ದಾಟಬಾರದು. ಪರದೆಯ ಮೇಲೆ ಬಂದದ್ದು ಏಳು ಪಾಯಿಂಟ್ ಎಂಟು. ಅದು ಕಾರ್ಬನ್ ಮಾನಾಕ್ಸೈಡಿನ ಲೆಕ್ಕ. ಬಣ್ಣವಿಲ್ಲ, ವಾಸನೆಯಿಲ್ಲ. ಟ್ರೈನಿಂಗಿನಲ್ಲಿ ನನಗೆ ಮೊದಲ ದಿನವೇ ಕಲಿಸಿದ್ದು ಇದನ್ನು: ಮುಚ್ಚಿದ ಜಾಗದಲ್ಲಿ ಇದು ತುಂಬಿಕೊಂಡರೆ ಮೊದಲು ತಲೆನೋವು, ಆಮೇಲೆ ವಾಂತಿ, ಆಮೇಲೆ ನಿದ್ದೆ. ಆ ನಿದ್ದೆಯಿಂದ ಮನುಷ್ಯ ಏಳುವುದಿಲ್ಲ. ಬಗ್ಗಿ ಗಾಡಿಯ ಅಡಿ ನೋಡಿದೆ. ಪೈಪು ನಡುವೆ ಒಡೆದಿತ್ತು. ಅದರ ನೇರ ಮೇಲೆ ಗಾಡಿಯ ತಳ ತುಕ್ಕು ಹಿಡಿದು ಅಂಗೈಯಗಲ ತೂತಾಗಿತ್ತು. ಹಿಂದಿನ ಬಾಗಿಲು ತೆಗೆದು ಗೋಣಿಚೀಲ ಎತ್ತಿದರೆ ಅದರ ತಳವೆಲ್ಲ ಮಸಿ.

"ಪೈಪು ಬದಲಾಯಿಸ್ಬೇಕು, ತಳಕ್ಕೆ ಬೆಸುಗೆ ಹಾಕಿಸ್ಬೇಕು. ಅಲ್ಲೀತಂಕ ಓಡಿಸ್ಬ್ಯಾಡ" ಎಂದೆ.

"ಎಷ್ಟು ದಿನ?"

"ಪೈಪು ದಾವಣಗೆರೆಯಿಂದ ಬರಾಕೆ ಒಂದು ವಾರ."

"ಒಂದು ವಾರ ಈರುಳ್ಳಿ ಕಾಯ್ತಾವೇನೋ? ಬೇರೆ ಊರಿನ ಗುಂಪು ಬಂದು ಕಿತ್ಕೊಂಡು ಹೋಗ್ತೈತೆ. ಕಂಡೋರ ಲಡಾಸು ಗಾಡಿಗೆಲ್ಲ ಕೊಡ್ತೀಯ, ನಂಗೆ ಕಾನೂನು ಹೇಳಾಕೆ ಬರ್ತೀಯ?"

ಅವನ ಮಾತಿಗೆ ನನಗೂ ರೇಗಿತು. "ಹಂಗೇ ಅನ್ಕೋ" ಎಂದೆ. ಯಾಕೆ ಓಡಿಸಬಾರದು ಎಂದು ಮಾತ್ರ ಹೇಳಲಿಲ್ಲ. ಜಗಳ ಆಡುವಾಗ ಕಾರಣ ಹೇಳುವ ರೂಢಿ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಅಣ್ಣ ಬಾಗಿಲು ದಡಾರನೆ ಹಾಕಿಕೊಂಡು ಹೋದ. ಪೈಪಿಗೆ ಎಣ್ಣೆ ಡಬ್ಬದ ತಗಡು ಸುತ್ತಿ ತಂತಿ ಬಿಗಿದನಂತೆ, ಅವನ ರಿಪೇರಿ ಅಷ್ಟೇ.

ಮಾರನೇ ದಿನ ಮಧ್ಯಾಹ್ನ ಭೀಮಕ್ಕ ಬಂದಳು. ಟವೆಲಿನಲ್ಲಿ ಸುತ್ತಿದ್ದ ನಂಬರ್ ಪ್ಲೇಟನ್ನು ನನ್ನ ಮೇಜಿನ ಮೇಲಿಟ್ಟಳು.

"ನಿಮ್ಮಿಬ್ರ ಜಗಳ ನಂಗೆ ಬ್ಯಾಡ. ನಾಳೆಯಿಂದ ಚೆಕ್ಕಿಂಗ್ ಐತಂತೆ. ಹತ್ತು ಹೆಣ್ಮಕ್ಳು ನನ್ನ ಮಾತು ನಂಬ್ಕೊಂಡವ್ರೆ, ಕೊಡಪ್ಪ."

ನಾನು ಟವೆಲ್ ಬಿಡಿಸಿ ಪ್ಲೇಟ್ ನೋಡಿದೆ. ಅವಳೇ ಹಣೆ ಒತ್ತಿಕೊಂಡು ನಕ್ಕಳು. "ವಯಸ್ಸಾತು ಕಣೋ. ಗಾಡಿ ಹತ್ತಿದ್ರೆ ತಲೆ ಸಿಡೀತೈತೆ, ಹೊಲದಾಗೆ ಇಳಿದು ಒಂದೊತ್ತು ಆದ್ರೆ ಹೋಗ್ತೈತೆ. ನಮ್ಮ ಗುಂಪಿನ ನಿರ್ಮಲಮ್ಮ ದೃಷ್ಟಿ ಅಂತಾಳೆ."

"ಕಿಟಕಿ ಪಕ್ಕ ಕೂತ್ಕೋ" ಎಂದೆ.

ನಾನು ಹೇಳಿದ್ದು ಇಷ್ಟೇ. ಅದು ದೃಷ್ಟಿಯಲ್ಲ ಎಂದು ನನಗೆ ಗೊತ್ತಿತ್ತು. ಹೇಳಿದ್ದರೆ ಅವಳು ಪ್ಲೇಟನ್ನು ವಾಪಸ್ ಟವೆಲಿನಲ್ಲಿ ಸುತ್ತಿಕೊಂಡು ಹೋಗುತ್ತಿದ್ದಳು, ಗಾಡಿಯನ್ನು ಅವಳೇ ನಿಲ್ಲಿಸುತ್ತಿದ್ದಳು. ಆದರೆ ಊರವರಿಗೆಲ್ಲ ಹನ್ನೊಂದು ವರ್ಷ ಸುಳ್ಳು ಸರ್ಟಿಫಿಕೇಟ್ ಕೊಟ್ಟು, ಒಡಹುಟ್ಟಿದವನ ಅನ್ನಕ್ಕೆ ಕಲ್ಲು ಹಾಕಿದ ಎಂದು ಜನ ಆಡಿಕೊಂಡಾರು ಎಂದು ಯೋಚಿಸಿದೆ. ಒಂದು ವಾರ ತಾನೇ, ಪೈಪು ಬಂದ ಮೇಲೆ ನಾನೇ ಹಾಕಿಸಿದರಾಯಿತು ಎಂದೂ ಯೋಚಿಸಿದೆ. ಥೂ, ನನ್ನ ಯೋಚನೆಗೆ! ಅಷ್ಟರಲ್ಲಿ ಬಂಕಿಗೆ ಒಂದು ಹೊಸ ಕಾರು ಬಂತು. ಪ್ಲೇಟ್ ನೇತುಹಾಕಿದೆ. ಸೊನ್ನೆ ಪಾಯಿಂಟ್ ಎರಡು ಎಂದು ಅಚ್ಚಾಗಿ ಬಂದ ಹಾಳೆಯನ್ನು ಅಕ್ಕನ ಕೈಗೆ ಕೊಟ್ಟೆ. ಅವಳು ನನ್ನ ತಲೆ ಸವರಿ ಬಸ್ಸಿಗೆ ಓಡಿದಳು.

ಆರನೇ ದಿನ ಬೆಳಿಗ್ಗೆ ಜಿಟಿಜಿಟಿ ಮಳೆ. ಗಾಜಿಲ್ಲದ ಕಿಟಕಿಗಳಿಗೆ ಅಣ್ಣ ಗೊಬ್ಬರದ ಚೀಲದ ಪ್ಲಾಸ್ಟಿಕ್ ಬಿಗಿದಿದ್ದ. ಹೊರಟ ಸ್ವಲ್ಪ ಹೊತ್ತಿಗೇ ಭೀಮಕ್ಕನಿಗೆ ತಲೆನೋವು, ವಾಂತಿ. ಹೆಂಗಸರು ನಿಂಬೆಹಣ್ಣು ಮೂಸಿಸಿದರು. ಬೇಡವೆಂದರೂ ಬಿಡದೆ ಅವಳನ್ನು ಹಿಂದೆ ಮಲಗೋ ಜಾಗದಲ್ಲಿ ಮಲಗಿಸಿ, ನಿರ್ಮಲಮ್ಮ ತನ್ನ ಕಂಬಳಿ ಹೊದಿಸಿದಳು. ಹೊಲ ಬಂದಾಗ ಎಲ್ಲರ ತಲೆಯೂ ಭಾರವಾಗಿತ್ತಂತೆ. ಭೀಮಕ್ಕ ಏಳಲಿಲ್ಲ. ಪಾಪ, ದಿನಾ ದುಡೀತಾಳೆ, ನಿದ್ದೆ ಮಾಡಲಿ ಬಿಡ್ರೆ ಎಂದುಕೊಂಡು ಇಳಿದು ಹೋದರು. ಎರಡು ಸಾಲು ಈರುಳ್ಳಿ ಕಿತ್ತು ಬಂದು ಕರೆದಾಗ ಮೈ ತಣ್ಣಗಾಗಿತ್ತು.

ನಾನು ಆಸ್ಪತ್ರೆಗೆ ಓಡಿದೆ. ಅಕ್ಕನ ಕೆನ್ನೆ ಕೆಂಪಗಿತ್ತು. ಎಷ್ಟು ಲಕ್ಷಣವಾಗಿ ಹೋದಳು ಎಂದು ಹೆಂಗಸರು ಅಳುತ್ತಿದ್ದರು. ಆ ಕೆಂಪು ಹೊಗೆಯ ವಿಷದ್ದೆಂದು ನನಗೆ ಗೊತ್ತಿತ್ತು, ಡಾಕ್ಟರಿಗೂ ಅನುಮಾನ ಬಂದಿತ್ತು. "ಗಾಡಿ ಹೊಗೆ ಏನಾದರೂ ಒಳಗೆ ಬರುತ್ತಿತ್ತಾ?" ಎಂದು ಕೇಳಿದರು. ಅಣ್ಣ ಜೇಬಿನಿಂದ ಸರ್ಟಿಫಿಕೇಟ್ ತೆಗೆದು ಎರಡೂ ಕೈಯಲ್ಲಿ ಹಿಡಿದು ತೋರಿಸಿದ. "ಇಲ್ಲ ಸಾ, ಮೊನ್ನೆ ತಾನೇ ಪಾಸಾಗೈತೆ." ಡಾಕ್ಟರು ಕೊಯ್ದು ನೋಡಬೇಕು ಎಂದರೆ ಅವ್ವ ಶಂಕರಮ್ಮ ಬಾಗಿಲಿಗೆ ಅಡ್ಡ ಕೂತಳು. ಕೊನೆಗೆ ಎದೆ ನಿಂತು ಹೋಗಿದೆ ಎಂದು ಬರೆದುಕೊಟ್ಟರು. ನಾನು ಗೋಡೆಗೆ ಒರಗಿ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಮೂರನೇ ದಿನ ಅಕ್ಕನನ್ನು ಹೂತ ಗುದ್ದಿನ ಮೇಲೆ ಹಾಲುತುಪ್ಪ ಬಿಟ್ಟು ಬಂದು ಎಲ್ಲರೂ ನಮ್ಮ ಪಡಸಾಲೆಯಲ್ಲಿ ಕೂತಿದ್ದೆವು. ಅವ್ವ ನನ್ನ ಕೈ ಹಿಡಿದುಕೊಂಡಿದ್ದಳು. "ಇವ್ನು ಪೇಪರ್ ಕೊಟ್ಟಿದ್ದಕ್ಕೆ ಜಂಪನ ಮೇಲೆ ಕೇಸ್ ಆಗ್ಲಿಲ್ಲ. ಒಂದು ಮಗ ಇನ್ನೊಂದು ಮಗನ್ನ ಉಳಿಸ್ದ" ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು.

ಆಗ ನಿರ್ಮಲಮ್ಮ ಅಣ್ಣನನ್ನು ಮೆಲ್ಲಗೆ ಕೇಳಿದಳು. "ನಾಳೆ ಗಾಡಿ ಬಿಡ್ತೀಯೇನಪ್ಪ? ಮಳೆಗೆ ಈರುಳ್ಳಿ ಕೊಳೀತಾವೆ. ಭೀಮಕ್ಕನ ಬದ್ಲು ನನ್ನ ಸೊಸೆ ರೂಪಶ್ರೀ ಬರ್ತಾಳೆ. ಅವ್ಳಿಗೆ ಐದು ತಿಂಗ್ಳು. ಹಿಂದೆ ಮಲಗ್ಕೊಂಡು ಬರ್ತಾಳೆ."

"ಬಿಡ್ತೀನಿ" ಎಂದ ಅಣ್ಣ.

"ಆ ಗಾಡಿ ಹತ್ಬ್ಯಾಡ್ರಿ" ಎಂದೆ. ದನಿ ಎಷ್ಟು ಜೋರಾಗಿತ್ತೆಂದರೆ ಅಂಗಳದಲ್ಲಿದ್ದವರೂ ತಿರುಗಿದರು. ಕುತ್ತಿಗೆ ಕೊಯ್ದರೂ ಸರಿ ಎಂದು ಎಲ್ಲ ಹೇಳಿದೆ. ಏಳು ಪಾಯಿಂಟ್ ಎಂಟು ಎಂದರೆ ಏನು, ಪೈಪು ಎಲ್ಲಿ ಒಡೆದಿತ್ತು, ತಳ ಎಲ್ಲಿ ತೂತಾಗಿತ್ತು, ಆ ವಿಷ ಯಾವ ಜಾಗದಲ್ಲಿ ಮೇಲೆ ಬರುತ್ತಿತ್ತು, ಎಲ್ಲ.

ಅಣ್ಣ ಎದ್ದು ಬಂದು ನನ್ನ ಕಾಲರ್ ಹಿಡಿದ, ಹಿಡಿದವನು ಹಾಗೇ ಬಿಟ್ಟು ಕುಸಿದು ಕೂತ. ಅವ್ವ ನನ್ನ ಕೈ ಬಿಟ್ಟಳು.

"ಅವ್ಳು ಪ್ಲೇಟ್ ತಂದಾಗ ನಿಂಗೆ ಇದು ಗೊತ್ತಿತ್ತೇನು?"

"ಗೊತ್ತಿತ್ತವ್ವ."

ಎಲ್ಲರೂ ಸೇರಿ ಹೊಡೆಯಲಿ ಎಂದು ನಾನು ತಲೆ ತಗ್ಗಿಸಿ ಕಾದೆ. ಯಾರೂ ಹೊಡೆಯಲಿಲ್ಲ. ಹೆಂಗಸರು ನನ್ನ ಕಡೆ ನೋಡುತ್ತಲೇ ಇರಲಿಲ್ಲ, ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಹಾಗೆ ಯಾಕೆ ನೋಡುತ್ತಿದ್ದಾರೆಂದು ನಿರ್ಮಲಮ್ಮ ಬಾಯಿ ಬಿಡುವವರೆಗೂ ನನಗೆ ಹೊಳೆಯಲಿಲ್ಲ.

"ಅವ್ಳು ಬ್ಯಾಡ, ಕೂತೇ ಬರ್ತೀನಿ ಅಂದ್ಲು. ನಾವೇ ಕೈ ಹಿಡ್ದು ಅಲ್ಲಿ ಮಲಗಿಸಿದ್ವಲ್ಲೋ, ಕೆಂಚ."