ಎರಡನೆಯ ಅಳತೆ

೨೦೧೮ರ ಜೂನ್ ೧೭, ಭಾನುವಾರ, ಬೆಳಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಚರ್ಚಿನ ಬೆಂಚುಗಳನ್ನೆಲ್ಲ ಗೋಡೆಯ ಬದಿಗೆ ಸರಿಸಿಟ್ಟಿದ್ದರಿಂದ ದರ್ಜಿಯಮ್ಮನಿಗೆ ಎಲ್ಲಿ ಕೂರಬೇಕೆಂದು ತಿಳಿಯಲಿಲ್ಲ. ಎಡಗಡೆಯ ನಾಲ್ಕನೆಯ ಬೆಂಚು ಅವಳದು ಮತ್ತು ಗಂಡನದು, ಫೆಬ್ರವರಿಯಿಂದ ಅವಳೊಬ್ಬಳದು. ಇವತ್ತು ಅದರ ಮೇಲೆ ಬಣ್ಣದ ಡಬ್ಬಿ, ಅಂಟು, ಜೇಡಿಮಣ್ಣು.

ಎದುರಿನ ಗೋಡೆಗೆ ಕಂದು ಕಾಗದದ ದೊಡ್ಡ ಮರ ಅಂಟಿಸಿದ್ದರು. ಯೇಸುವನ್ನು ನೋಡಲು ಮರ ಹತ್ತಿದ ಕುಳ್ಳ ಸುಂಕದವನ ಕಥೆ ಹೇಳಿ ಮುಗಿಸಿದ ಹೊಸ ಪಾದ್ರಿ, ಇವತ್ತಿನ ಆರಾಧನೆಯ ಕ್ರಮ ತಿಳಿಸಿದರು. ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಆ ಮರಕ್ಕೆ ಬೆನ್ನು ಕೊಟ್ಟು ನಿಲ್ಲಬೇಕು. ಇನ್ನೊಬ್ಬರು ತಲೆಯ ಮೇಲೆ ಅಂಗೈ ಇಟ್ಟು ಎತ್ತರ ಗುರುತಿಸಬೇಕು. "ದೇವರು ನಿನ್ನನ್ನು ನೋಡಿದ್ದಾನೆ" ಅನ್ನಬೇಕು.

"ಇದು ಆಶೀರ್ವಾದಾನೋ ಬೆದರಿಕೇನೋ ಪಾಸ್ಟ್ರೇ?" ಎಂದ ಎಲೆಕ್ಟ್ರಿಷಿಯನ್.

"ನಿನ್ನೆ ನೀವೇನ್ ಮಾಡಿದ್ರಿ ಅನ್ನೋದ್ರ ಮೇಲೆ ಹೋಗುತ್ತೆ."

ಎಲ್ಲರೂ ನಕ್ಕರು. ದರ್ಜಿಯಮ್ಮನ ಮನಸ್ಸು 'ಅಂಗೈ' ಎಂಬ ಮಾತಿನಲ್ಲೇ ನಿಂತಿತ್ತು. ಗಂಡನನ್ನು ಮಣ್ಣು ಮಾಡಿದ ದಿನ ಅವಳ ಕೈ ಹಿಡಿದವರು ಬಹಳ ಮಂದಿ. ಆಮೇಲೆ ಯಾರೂ ಅವಳನ್ನು ಮುಟ್ಟಿರಲಿಲ್ಲ. ಭುಜ, ತೋಳು, ಸೊಂಟ ಅಂತ ದಿನವಿಡೀ ಊರವರನ್ನು ಮುಟ್ಟುವುದೇ ಅವಳ ಕಸುಬು. ಆದರೆ ಅಳತೆ ಕೊಡಲು ಬಂದವರು ಕೈ ಚಾಚಿ ನಿಲ್ಲುತ್ತಾರೆ, ಮುಟ್ಟುವುದಿಲ್ಲ. ಅವಳು ಚಪ್ಪಲಿ ಕಳಚಿ ಸಾಲಿಗೆ ಬಂದಳು.

"ಒಂದಳತೆ ಅಕ್ಕ ಇರುವಾಗ ನಮಗೇನ್ ಚಿಂತೆ!" ಎಂದಳು ಆರ್ಗನ್ ನುಡಿಸುವವಳು. "ಅಕ್ಕಾ, ನೀವೇ ಅಳೆದ್ಬಿಡಿ. ನಾವು ಅಳೆದ್ರೆ ಮರ ಹೋಗಿ ಪೊದೆ ಆಗುತ್ತೆ."

ಅಡ್ಡಹೆಸರು ಹಳೆಯದು. ಟೇಪು ಒಮ್ಮೆ ಹಿಡಿದರೆ ಮುಗಿಯಿತು, ಅವಳು ಎರಡನೆಯ ಸಲ ಅಳೆದವಳೇ ಅಲ್ಲ. ಯಾರಾದರೂ ಇನ್ನೊಮ್ಮೆ ನೋಡಿ ಎಂದರೆ, "ಯಾಕೆ, ಅಷ್ಟರಲ್ಲಿ ಬೆಳೆದ್ಬಿಟ್ರಾ?" ಎನ್ನುತ್ತಿದ್ದಳು.

ಅವಳು ಸಾಲು ಬಿಟ್ಟು ಮರದ ಬಳಿ ಬಂದಳು. ಚೀಲದಲ್ಲಿದ್ದ ಎರಡು ಟೇಪುಗಳನ್ನು ಕಾಗದದ ಮರದ ಮೇಲೆ, ನೆಲದಿಂದ ಮೇಲಕ್ಕೆ, ಒಂದರ ತುದಿಗೊಂದು ಸೇರಿಸಿ ಪಿನ್ನು ಚುಚ್ಚಿದಳು. ಎತ್ತರದವರಿಗಾಗಿ ಸ್ಟೂಲು ಹತ್ತಿದಳು. ಎಣ್ಣೆ ಹಚ್ಚಿದ ತಲೆ, ಬೋಳು ತಲೆ, ಬೆವರಿದ ಗುಂಗುರು ತಲೆ, ಒಂದೊಂದೂ ಅಂಗೈಯಡಿ ಬೆಚ್ಚಗೆ ಬಂದು ಹೋಯಿತು. ಕೊನೆಗೆ ಎಲ್ಲರೂ ಗೊಂಬೆ ಮಾಡಲು ಜೇಡಿಮಣ್ಣಿನ ಕಡೆ ಹೋದರು. ಅವಳು ಪಿನ್ನು ಕೀಳಲು ಕೈ ಎತ್ತಿದಳು.

"ಅಜ್ಜೀ, ನಿಮ್ ಗೀಟೆಲ್ಲಿ?" ಆರ್ಗನ್ನಿನವಳ ಆರು ವರ್ಷದ ಮಗಳು ಮರವನ್ನೇ ನೋಡುತ್ತ ನಿಂತಿದ್ದಳು.

"ನಂದು ಬಿಡು ಪುಟ್ಟಿ. ದಿನಾ ಕುಗ್ತಾ ಇರೋ ಆಸಾಮಿ ನಾನು."

"ಹಾಗಾದ್ರೆ ಬೇಗ ನಿಲ್ಲಿ!"

ಹುಡುಗಿ ಸ್ಟೂಲು ಹತ್ತಿದಳು. ಮಣ್ಣು ಮೆತ್ತಿದ ಒದ್ದೆ ಅಂಗೈ ನಡುನೆತ್ತಿಯ ಮೇಲೆ ಕೂತಿತು.

"ದೇವರು ನಿಮ್ಮನ್ನ... ಅಲ್ಲಾಡ್ಬೇಡಿ ಅಜ್ಜಿ! ನಿಮ್ಮನ್ನ ನೋಡಿದ್ದಾನೆ. ಒಂದು, ನಾಲ್ಕು, ಎಂಟು." ಗೀಟೆಳೆದು ಕೈ ತೆಗೆದಳು.

ದರ್ಜಿಯಮ್ಮ ಮರ ಬಿಟ್ಟು ಕದಲಲಿಲ್ಲ.

"ಸರಿಯಾಗಿ ಬಂತೋ ಇಲ್ವೋ," ಎಂದಳು. "ಇನ್ನೊಂದ್ಸಲ ಅಳತೆ ತಗೋ."

"ಯಾಕಕ್ಕಾ, ಅಷ್ಟರಲ್ಲಿ ಬೆಳೆದ್ಬಿಟ್ರಾ?" ಎಂದು ಆ ಕಡೆಯಿಂದ ಎಲೆಕ್ಟ್ರಿಷಿಯನ್ ಕೂಗಿದ.

ಅವಳು ಕಣ್ಣು ಮುಚ್ಚಿಕೊಂಡಳು. ಅಂಗೈ ಮತ್ತೆ ಬಂತು. ಹುಡುಗಿ ಈ ಸಲ ಅಂಕಿಗಳನ್ನು ನಿಧಾನವಾಗಿ, ಬೆರಳಿಟ್ಟು ಓದಿದಳು.

ಅಳತೆ ಅಷ್ಟೇ ಇತ್ತು: ನೂರ ನಲವತ್ತೆಂಟು ಸೆಂಟಿಮೀಟರ್.