ಹಿಂದಿನ ಎಡಗಡೆಯ ಚಕ್ರ

ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ನಾದಿನಿ ತನ್ನ ಅಣ್ಣನ ಬೆರಳುಗಳನ್ನು ಒಂದೊಂದಾಗಿ ಉಜ್ಜುತ್ತಿದ್ದಳು. ಉಗುರಿನ ಸಂದಿಯ ಕಪ್ಪು ಮಾತ್ರ ಜಪ್ಪಯ್ಯ ಅಂದರೂ ಬಿಡುತ್ತಿರಲಿಲ್ಲ.

"ಈ ಗ್ರೀಸನ್ನೂ ಜೊತೇಲೇ ತಗೊಂಡು ಹೋಗ್ತಾನೆ ಇವನು," ಎಂದು ಮೂಗು ಒರೆಸಿಕೊಂಡಳು. "ನೀವು ಎಲ್ಲಿದ್ರಿ ಅತ್ತಿಗೆ, ಇವನು ಬಿದ್ದಾಗ?"

"ಅಡುಗೆಮನೇಲಿದ್ದೆ. ಪಕ್ಕದ ಮನೆಯವರು ಗೇಟಿನ ಹತ್ರ ಕೂಗಿದ್ರು. ಬಂದು ನೋಡ್ದೆ."

ನಿನ್ನೆಯಿಂದ ಬಂದವರಿಗೆಲ್ಲ ಸತ್ತವನ ಹೆಂಡತಿ ಕೊಟ್ಟ ಉತ್ತರ ಇದೇ. ಸುಳ್ಳೇನಲ್ಲ. ಪಕ್ಕದವರು ಕೂಗಿದಾಗ ಅವಳು ಅಡುಗೆಮನೆಯಲ್ಲೇ ಇದ್ದಳು. ಅದಕ್ಕೆ ಸ್ವಲ್ಪ ಮುಂಚೆ ಎಲ್ಲಿದ್ದಳು ಎಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

"ಹತ್ರ ಇದ್ದಿದ್ರೂ ಏನು ಮಾಡ್ತಿದ್ರಿ ಬಿಡಿ," ಎಂದಳು ನಾದಿನಿ. ಸಮಾಧಾನಕ್ಕೆಂದು ಆಡಿದ ಮಾತು ನೆಟ್ಟಗೆ ಎದೆಗೆ ನಾಟಿತು.

ಹೆಣ ಎತ್ತುವಾಗ ಪಜೀತಿಯಾಯಿತು. ಅಂಗಳದ ಮುಕ್ಕಾಲು ಪಾಲು ಅವನ ಹಳೆಯ ಗಾಡಿಯದೇ. ಹಿಂಭಾಗ ಜಾಕಿನ ಮೇಲೆ ನಿಂತಿತ್ತು, ಬಿಚ್ಚಿದ ಎಡಚಕ್ರ ಗೋಡೆಗೆ ಒರಗಿತ್ತು. ಹೊತ್ತವರು ಒಬ್ಬರ ಹಿಂದೊಬ್ಬರು ಓರೆಯಾಗಿ, ಹೊಟ್ಟೆ ಒಳಗೆಳೆದುಕೊಂಡು ದಾಟಿದರು. ಒಬ್ಬನ ಅಂಗಿಯ ತೋಳು ಕನ್ನಡಿಗೆ ಸಿಕ್ಕಿಕೊಂಡಿತು.

"ಹೋಗೋವಾಗಲೂ ನಾವೇ ಇವನ ಗಾಡಿಗೆ ದಾರಿ ಬಿಡ್ಬೇಕು ನೋಡಿ," ಎಂದು ಯಾರೋ ಅಂದರು. ಇಬ್ಬರು ನಕ್ಕು ನಾಲಿಗೆ ಕಚ್ಚಿಕೊಂಡರು.

*

ಅವನು ಮೋಟಾರು ಬಿಡಿಭಾಗಗಳ ಅಂಗಡಿಯಲ್ಲಿ ಕೌಂಟರಿನ ಹಿಂದೆ ನಿಂತೇ ಕೂದಲು ನರೆಸಿಕೊಂಡವನು. ಯಾರೋ ಬೇಸತ್ತು ಮಾರಿದ ಈ ಗಾಡಿಯನ್ನು ಮನೆಗೆ ತಂದಾಗ, "ಜೀಪು ಅನ್ಬೇಡ, ಎಸ್‌ಯುವಿ ಅನ್ನು," ಎಂದು ಹೆಂಡತಿಗೆ ಪಾಠ ಮಾಡಿದ್ದ. ಭಾನುವಾರ ಬಂತೆಂದರೆ ಅದರ ಹೊಟ್ಟೆಯ ಕೆಳಗೆ ಮಲಗಿಬಿಡುತ್ತಿದ್ದ. ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಅವಳ ಒಲೆಯ ಮೇಲಿನ ಬಿಸಿನೀರನ್ನೇ ಎತ್ತಿಕೊಂಡು ಹೋಗಿ ಬ್ಯಾಟರಿಯ ತುದಿಗೆ ಕಟ್ಟಿದ ಬಿಳಿ ಹುಡಿ ತೊಳೆಯುತ್ತಿದ್ದ. "ನಿಮ್ಮ ಸವತಿ ಹೇಗಿದ್ದಾಳೆ ಅತ್ತಿಗೆ?" ಎಂದು ನಾದಿನಿ ಕೀಟಲೆ ಮಾಡುತ್ತಿದ್ದಳು. ಅವಳೂ ನಗುತ್ತಿದ್ದಳು. ಆಗ ಆ ಮನೆಯಲ್ಲಿ ನಗು ಇತ್ತು.

ಆಮೇಲೆ ಅವಳ ತಾಯಿಗೆ ಕಾಯಿಲೆ ಜೋರಾಯಿತು ಎಂದು ಫೋನು ಬಂತು. ಹೊರಟರು. ಅರ್ಧ ದಾರಿಯಲ್ಲಿ ಸೂಜಿ ಕೆಂಪು ಗೆರೆಗೆ ಏರಿತು, ಬಾನೆಟ್ಟಿನಿಂದ ಹಬೆ ಎದ್ದಿತು. ರೇಡಿಯೇಟರಿನ ಪೈಪು ಹಿಂದಿನ ವಾರ ಅವನೇ ಬದಲಿಸಿದ್ದ. ನಿಮ್ಮ ತಮ್ಮನ ಗ್ಯಾರೇಜಿಗೆ ಕೊಡಿ ಎಂದು ಅವಳು ಬಡಕೊಂಡಿದ್ದಳು. "ಇದಕ್ಕೆಲ್ಲ ಗ್ಯಾರೇಜಾ?" ಎಂದಿದ್ದ. ಎಂಜಿನ್ ಆರುವವರೆಗೆ ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕೂತರು. ತವರು ಮುಟ್ಟಿದಾಗ ಬಾಗಿಲ ಮುಂದೆ ಜನ ನಿಂತಿದ್ದರು. ತಾಯಿ ಕೊನೆಯ ತನಕ ಮಗಳು ಬಂದಳಾ ಎಂದು ಕೇಳುತ್ತಿದ್ದಳಂತೆ.

"ಇನ್ನು ನಿಮ್ಮ ಹತ್ರ ಮಾತಾಡಿದ್ರೆ ಕೇಳಿ," ಎಂದಳು ವಾಪಸು ಬರುವಾಗ. ಸಿಟ್ಟಿನಲ್ಲಿ ಎಲ್ಲ ಹೆಂಗಸರೂ ಆಡುವ ಮಾತು. ಎರಡು ದಿನ ಕಳೆದರೆ ತಾನಾಗಿ ಕರಗುತ್ತದೆ. ಇವಳದು ಕರಗಲಿಲ್ಲ, ಹಠವಾಯಿತು. ಅವನು ಸುತ್ತಿ ಬಳಸಿ ಮಾತಾಡಿಸಿ ನೋಡಿದ, ಸೋತು ಅವನೂ ಬಾಯಿಗೆ ಬೀಗ ಹಾಕಿಕೊಂಡ. ತಟ್ಟೆ ಇಟ್ಟ ಸದ್ದಿಗೆ ಊಟಕ್ಕೆ ಬರುತ್ತಿದ್ದ. ಹಾಗೇ ವರ್ಷಗಳು ಹೋದವು.

ಒಂದು ಭಾನುವಾರ ಕಿಟಕಿಯಿಂದ ನೋಡಿದರೆ, ಅವನು ಪೊರಕೆಯ ಕೋಲನ್ನು ಸೀಟಿಗೂ ಬ್ರೇಕ್ ಪೆಡಲಿಗೂ ನಡುವೆ ಆನಿಸಿ ಹಿಂದಕ್ಕೆ ಓಡುತ್ತಿದ್ದ. ಕೋಲು ಜಾರುತ್ತಿತ್ತು. ಮತ್ತೆ ಬಂದು ಆನಿಸುತ್ತಿದ್ದ. ಬ್ರೇಕಿನ ಪೈಪಿನಲ್ಲಿ ಗಾಳಿ ಸೇರಿದರೆ ಪೆಡಲು ಮೆತ್ತಗಾಗುತ್ತದೆ. ಒಬ್ಬರು ಅದನ್ನು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹಿಂದಿನ ಪುಟ್ಟ ನಟ್ಟು ಸಡಿಲಿಸಿ ಎಣ್ಣೆಯ ಜೊತೆ ಗಾಳಿಯನ್ನು ಬಾಟಲಿಗೆ ಇಳಿಸಬೇಕು. ನಟ್ಟು ಬಿಗಿಯಾಗುವ ಮೊದಲೇ ಕಾಲೆತ್ತಿದರೆ ಗಾಳಿ ಮತ್ತೆ ಒಳಗೆ. ಅವಳು ಹೋಗಿ ಕೋಲನ್ನು ಆಚೆ ಇಟ್ಟು, ತುಟಿ ಪಿಟಕ್ಕೆನ್ನದೆ ಸೀಟಿನಲ್ಲಿ ಕೂತಳು. ಅವನು ಅವಳನ್ನು ನೋಡಿದ, ಹಿಂದಕ್ಕೆ ಹೋದ.

"ಒತ್ತು," ಎಂದು ದನಿ ಬಂತು.

ಒತ್ತಿದಳು. ಕನ್ನಡಿಯಲ್ಲಿ ಹಿಂದಿನ ಗೋಡೆ ಬ್ರೇಕ್ ದೀಪಕ್ಕೆ ಕೆಂಪಾಯಿತು.

"ಹಿಡಿ."

ಪೆಡಲು ಮೆಲ್ಲಗೆ ಕೆಳಗಿಳಿಯಿತು.

"ಬಿಡು."

ಆಮೇಲೆ ತಿಂಗಳಿಗೊಂದು ಭಾನುವಾರ ಅವನು ಬಾಟಲಿಯನ್ನು ಬೇಕೆಂದೇ ಸದ್ದಾಗುವ ಹಾಗೆ ಮೆಟ್ಟಿಲ ಮೇಲೆ ಇಡುತ್ತಿದ್ದ. ಅವಳು ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬರುತ್ತಿದ್ದಳು. ಅವನದು ಮೂರು ಮಾತು, ಅವಳದು ಒಂದು ಕಾಲು. ಆ ಮನೆಯಲ್ಲಿ ಉಳಿದ ಸಂಸಾರ ಇಷ್ಟೇ.

*

ಮಣ್ಣು ಮಾಡಿ ಬಂದವರು ಸಂಜೆಯ ಹೊತ್ತಿಗೆ ಚದುರಿದರು. ನಾದಿನಿ ಒಳಗೆ ಗೋಡೆಗೆ ಒರಗಿ ನಿದ್ದೆ ಹೋದಳು. ಗ್ಯಾರೇಜಿನ ಮೈದುನ ಮಾತ್ರ ಅಂಗಿಯ ತೋಳು ಮಡಚಿ ಗಾಡಿಯ ಹತ್ತಿರ ಕೂತ.

"ಚಕ್ರ ಹಾಕಿ ನಾಳೆ ನನ್ನ ಕಡೆ ತಗೊಂಡು ಹೋಗ್ತೀನಿ ಅತ್ತಿಗೆ. ನಿಮಗ್ಯಾಕೆ ಇದರ ತಲೆನೋವು."

ಅವಳು ಮೆಟ್ಟಿಲ ಮೇಲೆ ಕೂತು ತಲೆಯಾಡಿಸಿದಳು. ಅವನು ಚಕ್ರ ಬಿಚ್ಚಿದ ಜಾಗಕ್ಕೆ ಬಗ್ಗಿದವನು ಹಾಗೇ ನೋಡುತ್ತ ಉಳಿದ. ಸ್ಪ್ಯಾನರು ನಟ್ಟಿಗೆ ಸಿಕ್ಕಿಸಿದಂತೆಯೇ ಇತ್ತು, ಪ್ಲಾಸ್ಟಿಕ್ ಕೊಳವೆ ಬಾಟಲಿಯೊಳಗೆ ಇಳಿದಿತ್ತು.

"ಇದು ಒಬ್ಬರ ಕೈಲಿ ಆಗೋ ಕೆಲಸ ಅಲ್ವಲ್ಲ ಅತ್ತಿಗೆ," ಎಂದ ನಿಧಾನಕ್ಕೆ. "ಒತ್ತೋಕೆ ಯಾರಿದ್ರು?"

ಒಳಗಿನಿಂದ ನಾದಿನಿಯ ಗೊರಕೆ ಕೇಳುತ್ತಿತ್ತು.

"ನಾನೇ," ಎಂದಳು. "ಹಿಡಿ ಅಂದ್ರು, ಹಿಡಿದೆ. ಪೆಡಲು ಇಳೀಲೇ ಇಲ್ಲ. ಬಿಡು ಅಂತಾನೂ ಅನ್ನಲಿಲ್ಲ. ಏನಾಯ್ತು ಅಂತ ಕೇಳ್ಬೇಕಿತ್ತು. ಕೇಳಲಿಲ್ಲ. ನಾನು ಯಾಕೆ ಮೊದಲು ಬಾಯಿ ಬಿಡ್ಲಿ ಅಂತ ಕೂತೆ. ಕಾಲು ಜೋಮು ಹಿಡೀತು, ಸಿಟ್ಟು ಬಂತು. ಬಲಗಡೆಯಿಂದಾನೇ ಇಳಿದು, ಬಾಗಿಲು ಬಡಿದು ಒಳಗೆ ಹೋದೆ. ತಿರುಗೀ ನೋಡಲಿಲ್ಲ."

"ಹಾರ್ಟು ನಿಂತು ಆ ಕ್ಷಣಕ್ಕೇ ಹೋಗಿದ್ದಾನೆ ಅಂತ ಡಾಕ್ಟರು ಹೇಳಿದ್ರಲ್ಲ."

"ಡಾಕ್ಟರು ಆ ಸೀಟಲ್ಲಿ ಕೂತಿರಲಿಲ್ಲ."

ಮೈದುನ ಕೈಗೆ ಕೆಲಸ ಬೇಕೆಂದು ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದ. ಅಲುಗಾಡಿಸಿದ, ಬೆರಳಲ್ಲಿ ಅದ್ದಿ ನೋಡಿದ.

"ಬ್ರೇಕಿಗೆ ಏನಾಗಿತ್ತು?"

"ತಿಂಗಳು ತಿಂಗಳೂ ಗಾಳಿ ಸೇರುತ್ತಲ್ಲ, ಅದನ್ನ ತೆಗೀತಿದ್ರು."

"ತಿಂಗಳು ತಿಂಗಳೂನಾ?" ಅವನು ತಿರುಗಿದ. "ಎಣ್ಣೆ ಹೊಚ್ಚ ಹೊಸದಿದೆ ಅತ್ತಿಗೆ. ಎಲ್ಲೂ ಸೋರಿಲ್ಲ. ಸೋರದೆ ಗಾಳಿ ಎಲ್ಲಿಂದ ಬರುತ್ತೆ? ಎರಡು ವರ್ಷಕ್ಕೊಂದ್ಸಲ ಮಾಡಿದ್ರೆ ಧಾರಾಳ ಆಯ್ತು. ಜೀವಮಾನವೆಲ್ಲಾ ಇದೇ ಸಾಮಾನು ಮಾರಿದವನಿಗೆ ಇದು ಗೊತ್ತಿರಲಿಲ್ವಾ?"

ಹೇಳಿದ ಮೇಲೆ ಅವನಿಗೂ ತಾನೇನು ಹೇಳಿದೆನೆಂದು ಹೊಳೆಯಿತು. ಬಾಟಲಿಯನ್ನು ಸದ್ದಾಗದಂತೆ ಕೆಳಗಿಟ್ಟ.

ಅಷ್ಟು ಭಾನುವಾರಗಳು ಗಂಡ ಬೆನ್ನು ನೋಯಿಸಿಕೊಂಡು ಜಾಕಿ ಏರಿಸಿದ್ದು, ಚಕ್ರ ಬಿಚ್ಚಿದ್ದು, ಎಲ್ಲ ಆ ಮೂರು ಮಾತಿಗೆ. ಅವಳಿಗೆ ಅಳು ಬರಲಿಲ್ಲ. ಬಂದಿದ್ದರೆ ಹಗುರವಾಗುತ್ತಿತ್ತು.

ಮೈದುನ ಸ್ಪ್ಯಾನರಿಗೆ ಕೈ ಹಾಕಿ, "ನಟ್ಟು ಒಂದ್ಸಲ ಸಡಿಲಿಸಿ ಬಿಗಿ ಮಾಡ್ತೀನಿ," ಎಂದ. "ಒತ್ತುತ್ತೀರಾ? ಬೇಡ ಅಂದ್ರೆ ಯಾರನ್ನಾದ್ರೂ ಕರೀತೀನಿ."

"ಯಾರೂ ಬೇಡ."

ಅವಳು ಹೋಗಿ ಸೀಟಿನಲ್ಲಿ ಕೂತಳು. ನಿನ್ನೆ ಅವಳೇ ತಿರುಗಿಸಿಟ್ಟುಕೊಂಡ ಕನ್ನಡಿ ಹಾಗೇ ಇತ್ತು.

"ಒತ್ತಿ."

ಹಿಂದಿನ ಗೋಡೆ ಕೆಂಪಾಯಿತು.

"ಹಿಡೀರಿ."

ಪೆಡಲು ಮೆಲ್ಲಗೆ ಇಳಿದು ನಿಂತಿತು. ನಟ್ಟು ಬಿಗಿಯುವ ಸದ್ದು ಕೇಳಿಸಿತು.

"ಆಯ್ತು, ಬಿಡಿ."

ಅವಳು ಕಾಲೆತ್ತಲಿಲ್ಲ.

"ಬಿಡಿ ಅತ್ತಿಗೆ, ಆಯ್ತು."

ಅವಳು ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದು, ಕನ್ನಡಿಯಿಂದ ಕಣ್ಣು ತೆಗೆಯದೆ ಕೇಳಿದಳು.

"ಆಯ್ತೇನ್ರೀ?"

ಮೈದುನ ಸ್ಪ್ಯಾನರನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕೂತ. ಕತ್ತಲಾಗುತ್ತ ಬಂದಿತ್ತು. ಗೋಡೆಯ ಮೇಲಿನ ಕೆಂಪು ಆರಲಿಲ್ಲ.