ಮೂಗನ್ನೇ ನಂಬಿದೆ

ಬೆಚ್ಚಗಿದೆ, ಭುಜದವರೆಗೂ ಬೆಚ್ಚಗೆ, ಆದರೆ ಒಳಗೆ ಏನೋ ಸರಿಯಿಲ್ಲ, ಕೈಗೆ ಮೇವು ಸಿಗಬೇಕಿತ್ತು, ಬರೀ ನೀರು ತಡಕುತ್ತಿದ್ದೇನೆ — ಪಕ್ಕೆಯಲ್ಲಿ ರಬ್ಬರ್ ಮುಚ್ಚಳ ಕೂರಿಸಿರುವ ಈ ಹಸುವಿಗೆ ಎಲ್ಲರೂ ಕಿಟಕಿ ಎನ್ನುತ್ತಾರೆ, ಮುಚ್ಚಳ ತೆಗೆದರೆ ನೇರ ಹೊಟ್ಟೆ, ಅಲ್ಲಿ ಹುಲ್ಲನ್ನು ಹಾಲಿನ ದಾರಿಗೆ ಹಚ್ಚುವ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳು, ಅವುಗಳ ಸಂಸಾರವನ್ನು ಇಣುಕಿ ನೋಡುವುದಕ್ಕೆಂದೇ ನನಗೆ ಫೆಲೋಶಿಪ್, ಹೆರಿಗೆ ರಜೆ ಮುಗಿಸಿ ಬಂದ ಮೇಲೆ ದಿನಾ ಬೆಳಿಗ್ಗೆ ಇದೇ ಕೆಲಸ, ಕೈ ಹಾಕು, ರಸ ಹಿಂಡು, ಬಣ್ಣ ನೋಡು, ಮೂಸಿ ನೋಡು — ಹೊಟ್ಟೆಯ ಗೋಡೆ ಆಗಾಗ ಬಿಗಿದು ಕೈಯನ್ನು ಅಮುಕುತ್ತಿತ್ತು, ಇವತ್ತು ಜೋತುಬಿದ್ದ ಚೀಲದ ಹಾಗಿದೆ, ಏನಾಯ್ತೇ ನಿನಗೆ, ತಲೆ ತಗ್ಗಿಸಿ ನಿಂತಿದೆ, ರಾತ್ರಿಯ ಮೇವು ಹಾಗೇ ಬಿದ್ದಿದೆ, ಮತ್ತೆ ಇವಳು, ನನ್ನ ಜೊತೆ ಕೆಲಸ ಮಾಡುವ ಹುಡುಗಿ, ಬಾಯಿಗೆ ಬಿಡುವಿಲ್ಲದ್ದಕ್ಕೆ ರೇಡಿಯೋ ಎಂದು ಹೆಸರು ಬಿದ್ದವಳು, ಬಾಗಿಲಲ್ಲೇ ನಿಂತು ತೋಳಿನಿಂದ ಮೂಗು ಮುಚ್ಚಿಕೊಂಡಿದ್ದಾಳೆ, ಅಯ್ಯಯ್ಯೋ ಏನಕ್ಕಾ ಇದು ಹುಳಿ ನಾತ, ನೀವು ಹೆಂಗೆ ನಿಂತಿದೀರಾ ಅಲ್ಲಿ — ಯಾವ ನಾತ, ರಸ ಹಿಂಡಿದ ಫ್ಲಾಸ್ಕನ್ನು ಮೂಗಿಗೆ ಹಿಡಿಯುತ್ತೇನೆ, ಉಸಿರೆಳೆಯುತ್ತೇನೆ, ಆವಿ ತಾಗಿ ಮೂಗಿನ ತುದಿ ಒದ್ದೆಯಾಗುತ್ತದೆ, ಅಷ್ಟೇ, ಇನ್ನೊಮ್ಮೆ ಎಳೆಯುತ್ತೇನೆ, ಬರೀ ಗಾಳಿ, ಇವಳೇನು ತಮಾಷೆ ಮಾಡುತ್ತಿದ್ದಾಳೆಯೇ, ಇಲ್ಲ, ಇವಳ ಕಣ್ಣಲ್ಲಿ ನೀರು ಬಂದಿದೆ.

ಹಾಗಾದರೆ ರಸದ ಹುಳಿ ಅಳೆಯುವ ಪಿಎಚ್ ಮೀಟರು ಸುಳ್ಳು ಹೇಳಿರಲಿಲ್ಲ, ನಿನ್ನೆ ಅದು ಐದು ತೋರಿಸಿತ್ತು, ಆರರ ಮೇಲಿರಬೇಕು, ಐದು ಎಂದರೆ ಹೊಟ್ಟೆಯೊಳಗೆ ಹುಳಿ ಏರಿ ಸೂಕ್ಷ್ಮಜೀವಿಗಳು ಸಾಯತೊಡಗಿವೆ ಎಂದು, ನಾನು ಮೂಸಿ ನೋಡಿದೆ, ಏನೂ ಹುಳಿಯಿಲ್ಲ, ಮೀಟರಿಗೆ ತಲೆ ಕೆಟ್ಟಿದೆ ಮೇಡಂ ಎಂದು ನನ್ನ ಗೈಡ್‌ಗೆ ಫೋನಿನಲ್ಲಿ ಹೇಳಿದೆ, ಹಸು ಹೇಗಿದೆ ಅಂದರು, ಚೆನ್ನಾಗಿದೆ ಮೇಡಂ, ಎಷ್ಟು ಸಲೀಸಾಗಿ ಅಂದುಬಿಟ್ಟೆ — ಮೊನ್ನೆ ಯಾರೋ ನುಚ್ಚಿನ ಡ್ರಮ್ಮಿನ ಮುಚ್ಚಳ ಹಾಕಲು ಮರೆತಿದ್ದರಂತೆ, ಕಿಟಕಿ ಮೂತಿ ತೂರಿಸಿ ಹೊಟ್ಟೆ ಬಿರಿಯ ತಿಂದಿದೆ, ನುಚ್ಚು ಹೆಚ್ಚಾದರೆ ಹುಳಿ ಏರದೆ ಇನ್ನೇನು, ನಾನು ಮೀಟರನ್ನು ಬೈದುಕೊಂಡು ಮನೆಗೆ ಹೋದೆ — ಯಾವತ್ತಿನಿಂದ, ಯಾವತ್ತಿನಿಂದ ನನಗೆ ವಾಸನೆ ಇಲ್ಲ, ಹೋದ ವಾರ ಹಾಲು ಸೀದು ಅಮ್ಮ ಹಾಲ್‌ನಿಂದ ಓಡಿ ಬಂದಳು, ಪಕ್ಕದಲ್ಲೇ ನಿಂತಿದೀಯಲ್ಲೇ, ಮೂಗು ಅಡವಿಟ್ಟಿದೀಯಾ, ನಾನು ನಕ್ಕೆ, ನಿದ್ದೆ ಸಾಲದು ಅಂದೆ, ಅದಕ್ಕೂ ಮೊದಲು, ಆಸ್ಪತ್ರೆ, ಫಿನಾಯಿಲ್ ವಾಸನೆ ಚೆನ್ನಾಗಿ ನೆನಪಿದೆ, ಇದೆಯೇ, ನೆನಪಿರುವುದು ವಾಸನೆಯೋ ಫಿನಾಯಿಲ್ ಎಂಬ ಹೆಸರೋ, ಹೆರಿಗೆಗೆ ಮುಂಚೆ ಒಂದು ಜ್ವರ ಬಂದಿತ್ತು, ಆಗ ಹೋದದ್ದೋ, ಕಳೆದುಕೊಂಡ ಛತ್ರಿಯನ್ನಾದರೆ ಎಲ್ಲಿ ಬಿಟ್ಟೆ ಎಂದು ಹಿಂದೆ ಹಿಂದೆ ನಡೆದು ನೋಡಬಹುದು, ಇದನ್ನು ಹೇಗೆ ಹುಡುಕುವುದು, ಮತ್ತೆ ಇವರು, ಮೊದಲೆಲ್ಲ ನಾನು ಬಾಗಿಲು ತೆರೆದೊಡನೆ ಕೊಟ್ಟಿಗೆ ಬಂತು ಕೊಟ್ಟಿಗೆ ಬಂತು ಎಂದು ರೇಗಿಸುತ್ತಿದ್ದ ಮಹಾರಾಯರು, ಈಗೀಗ ಸುಮ್ಮನಿದ್ದಾರೆ, ಬಾಣಂತಿ ನೊಂದುಕೊಂಡಾಳು ಎಂದು ಸುಮ್ಮನಾದರೇನೋ, ನಾನು ನಾತ ಹೋಯಿತು ಅಂದುಕೊಂಡಿದ್ದೆ.

ದನದ ಡಾಕ್ಟರು ಬಂದರು, ಮೇಡಂ ಬಂದರು, ಕಿಟಕಿಯ ಹೊಟ್ಟೆಯನ್ನು ಬೊಗಸೆ ಬೊಗಸೆಯಾಗಿ ಖಾಲಿ ಮಾಡಿದೆವು, ಬೂದು ಬಣ್ಣದ ನೊರೆ, ತೊಳೆದು ಹುಳಿ ಮುರಿಯಲು ಅಡುಗೆ ಸೋಡಾ ಹಾಕಿದೆವು, ಇನ್ನು ಆರೋಗ್ಯವಾಗಿರುವ ಹಸುವಿನ ರಸ ತುಂಬಬೇಕು, ಎಂಜಲಿನ ಹಾಗೆ, ಒಂದರ ಹೊಟ್ಟೆಯ ಜೀವಗಳು ಇನ್ನೊಂದರಲ್ಲಿ ಹೋಗಿ ಬಿಡಾರ ಹೂಡಬೇಕು, ಪಕ್ಕದ ಹಸುವಿಗೂ ಮುಚ್ಚಳವಿದೆ, ಅದಕ್ಕೆ ಬಾಗಿಲು ಎಂದು ಹೆಸರಿಟ್ಟದ್ದು ರೇಡಿಯೋ, ಅದೂ ನುಚ್ಚು ತಿಂದಿದೆಯೋ ಏನೋ ಎಂದು ಎಲ್ಲರಿಗೂ ಅನುಮಾನ, ಮೀಟರು ನಾನೇ ಕಳಿಸಿದ ರಿಪೇರಿ ಅಂಗಡಿಯಲ್ಲಿದೆ, ಮೇಡಂ ಬಾಗಿಲಿನ ರಸವನ್ನು ಫ್ಲಾಸ್ಕಿನಲ್ಲಿ ಹಿಡಿದು ನನ್ನ ಮುಂದೆ ಚಾಚುತ್ತಾರೆ, ದಿನಾ ನೋಡೋಳು ನೀನು, ನೀನೇ ಹೇಳು, ಸರಿಯಿದೆಯಾ — ಬಣ್ಣ ಹಸಿರು, ಸರಿಯಿದೆ ಅಂದುಬಿಡಬಹುದು, ನಾಲಿಗೆಯ ತುದಿಗೆ ಬಂದಿದೆ, ರೇಡಿಯೋ ನನ್ನನ್ನೇ ನೋಡುತ್ತಿದ್ದಾಳೆ, ಕಿಟಕಿ ಕಾಲು ನಡುಗಿಸುತ್ತಿದೆ — ನಂಗೆ ವಾಸನೆ ಬರ್ತಿಲ್ಲ ಮೇಡಂ. ಶೀತಾನಾ. ಅಲ್ಲ. ಮತ್ತೆ. ಏನೂ ಬರ್ತಿಲ್ಲ, ಯಾವಾಗಿಂದ ಅಂತಾನೂ ಗೊತ್ತಿಲ್ಲ, ನಿನ್ನೇದೂ ನಂದೇ ತಪ್ಪು, ಮೀಟರು ಸರಿಯಾಗೇ ಇತ್ತು — ಮೇಡಂ ಫ್ಲಾಸ್ಕನ್ನು ರೇಡಿಯೋ ಕಡೆ ತಿರುಗಿಸಿದರು, ಅವಳು ಮೂಸಿ, ಇದು ಚೆನ್ನಾಗಿದೆ ಮೇಡಂ, ಹಸಿ ಹುಲ್ಲಿನ ಥರ, ಡಾಕ್ಟರೂ ಮೂಸಿ ತಲೆಯಾಡಿಸಿದರು, ತುಂಬಿದೆವು, ಸಂಜೆಯ ಹೊತ್ತಿಗೆ ಕಿಟಕಿಯ ದವಡೆ ನಿಧಾನಕ್ಕೆ ಅಡ್ಡಡ್ಡ ಆಡತೊಡಗಿತು, ಮೆಲುಕು ಹಾಕ್ತಿದೆ ಕಣೇ, ಬದುಕ್ತು ಬಿಡು, ಮೇಡಂ ನನ್ನ ಬೆನ್ನ ಮೇಲೆ ಕೈಯಿಟ್ಟರು, ಈ ವಾರದ ಸ್ಯಾಂಪಲ್ ಎಲ್ಲಾ ಚೆಲ್ಲಬೇಕು, ಚೆಲ್ಲೋಣ, ನೀನು ನಾಳೆ ಡಾಕ್ಟರ ಹತ್ರ ಹೋಗು, ಮನುಷ್ಯರ ಡಾಕ್ಟರ ಹತ್ರ, ಎಲ್ಲರೂ ನಕ್ಕರು, ನಾನೂ ನಕ್ಕೆ, ನಗುವಾಗಲೇ ಯಾಕೋ ಮನೆಯಲ್ಲಿರುವ ನನ್ನ ಕೂಸು ಪುಟ್ಟಿಯ ನೆತ್ತಿ ಕಣ್ಣ ಮುಂದೆ ಬಂತು.

ಬಸ್ಸಿನಲ್ಲೂ ಅದೇ, ನನ್ನ ಪಕ್ಕದ ಸೀಟು ಖಾಲಿ, ಯಾರೂ ಕೂರುತ್ತಿಲ್ಲ, ಕೂರದಿರಲಿ, ಪುಟ್ಟಿಯ ನೆತ್ತಿ — ಅಮ್ಮ ಮೂಸುತ್ತಾಳೆ, ಇವರು ಮೂಸುತ್ತಾರೆ, ನೋಡಲು ಬಂದವರೆಲ್ಲ ಬಗ್ಗಿ ಮೂಸಿ ಕಣ್ಣು ಮುಚ್ಚುತ್ತಾರೆ, ಆಹಾ ಎಳೇ ಕೂಸಿನ ವಾಸನೆ, ನಾನೂ ಹೂಂ ಎನ್ನುತ್ತೇನೆ, ಯಾವುದಕ್ಕೆ ಹೂಂ ಅಂದೆ, ಒಂದು ಸಲವಾದರೂ ಸಿಕ್ಕಿತ್ತೇ ನನಗೆ, ಹುಟ್ಟಿದ ದಿನ ಎದೆಯ ಮೇಲೆ ಮಲಗಿಸಿದರಲ್ಲ, ಆಗ, ಆಗ ಒದ್ದೆ, ಬಿಸಿ, ಭಾರ, ಮತ್ತೇನು, ಮತ್ತೇನು — ಮನೆ ಬಂತು, ಅಮ್ಮ ಬಾಗಿಲಲ್ಲೇ ತಡೆದಳು, ಮೊದಲು ಸ್ನಾನ, ಆಮೇಲೆ ಮಗು, ಅಂದರೆ ನಿಜವಾಗಿಯೂ ನಾರುತ್ತಿದ್ದೇನೆ, ಆದರೆ ಅವತ್ತು ಹೊಸ ಸೋಪಿನಲ್ಲಿ ತಿಕ್ಕಿ ತಿಕ್ಕಿ ಮಿಂದು ಬಂದಾಗ ಪುಟ್ಟಿ ಎದೆಯಿಂದ ಮುಖ ತಿರುಗಿಸಿಕೊಂಡು ಹಟ ಹಿಡಿದಿದ್ದಳಲ್ಲ, ಇವಳಿಗೆ ಅಮ್ಮ ಎಂದರೆ ಆ ನಾತವೇ ಏನೋ, ಇವಳಿಗೆ ನನ್ನ ಗುರುತಿದೆ, ನನಗೆ ಇವಳ — ಕೊಡಮ್ಮಾ ಇಲ್ಲಿ, ಮೊದ್ಲು ಸ್ನಾನ ಅಂದೆ, ಕೊಡಮ್ಮಾ ಒಂದು ನಿಮಿಷ, ಅಳ್ತಿದೀಯೇನೇ, ಇಲ್ಲ, ಕೊಡು — ಭಾರ, ಬಿಸಿ, ಪುಟ್ಟಿಯ ಬಾಯಿ ಆಗಲೇ ನನ್ನ ಕೊರಳಲ್ಲಿ ಹುಡುಕುತ್ತಿದೆ, ನೆತ್ತಿಗೆ ಮೂಗು ಒತ್ತುತ್ತೇನೆ, ಕೂದಲು ಕಚಗುಳಿಯಿಡುತ್ತದೆ, ಎಳೆಯುತ್ತೇನೆ, ಗಾಳಿ, ಇನ್ನೂ ಒಳಗೆ ಎಳೆಯುತ್ತೇನೆ, ಗಾಳಿ, ಮೂಗಿನ ತುದಿಯಡಿಯಲ್ಲಿ ಮೂಳೆ ಇನ್ನೂ ಕೂಡದ ಆ ಮೆತ್ತನೆಯ ಜಾಗ ಮೇಲೇಳುತ್ತದೆ, ಇಳಿಯುತ್ತದೆ, ಏಳುತ್ತದೆ, ಇಳಿಯುತ್ತದೆ, ಏಳುತ್ತದೆ